ಬಿಸಿಗಾಳಿ ಹೊರಹೋಗುವ ದಾರಿ

1983ರ ಮಾರ್ಚ್ 9, ಬುಧವಾರ. ಆಧಾರ: ನನ್ನ ಕೈಬರಹದ ತಾಪಮಾನ ದಾಖಲೆ ಪುಸ್ತಕ, ನೀಲಿ ರಟ್ಟು, ಏಳನೆಯ ಪುಟ. ವಾರವನ್ನು ಆ ವರ್ಷದ ಗೋಡೆ ಕ್ಯಾಲೆಂಡರಿನೊಂದಿಗೆ ತಾಳೆ ನೋಡಿದ್ದೇನೆ, ಸರಿಯಾಗಿದೆ. ಪುಟದಲ್ಲಿರುವುದು ನಾಲ್ಕೇ ಸಾಲು. ಬೆಳಿಗ್ಗೆ ಎಂಟೂವರೆಗೆ ವಾಹನ ಹೊಳೆಗಿಳಿಯಿತು. ಎಂಟು ನಲವತ್ತೆರಡಕ್ಕೆ ರೇಡಿಯೇಟರಿನ ನೀರು ಕುದಿಯಿತು. ಎಂಟು ನಲವತ್ತಮೂರಕ್ಕೆ ಎಂಜಿನ್ ನಿಲ್ಲಿಸಲಾಯಿತು. ನಾಲ್ಕನೆಯ ಸಾಲಿನಲ್ಲಿ ‘ಹಗ್ಗ ಕಟ್ಟಿ ದಡಕ್ಕೆ ಎಳೆದೆವು’ ಎಂದಿದೆ.

ಹನ್ನೆರಡು ನಿಮಿಷ. ನಮಗೆ ಬೇಕಾಗಿದ್ದದ್ದು ನಲವತ್ತು.

ಆ ನಲವತ್ತರ ಲೆಕ್ಕ ಎಲ್ಲಿಂದ ಬಂತೆಂಬುದನ್ನು ಮೊದಲು ಹೇಳಬೇಕು. ಕಾಪುವಿನ ಉತ್ತರಕ್ಕೆ ಹೊಳೆಯೊಂದು ಸಮುದ್ರ ಸೇರುವ ಮುನ್ನ ಅಗಲವಾಗಿ ಹರಡಿಕೊಳ್ಳುವಲ್ಲಿ ಒಂದು ಕುದ್ರು ಇದೆ. ನಾಲ್ಕೂ ಕಡೆ ನೀರಿರುವ ಆ ತುಂಡು ನೆಲದಲ್ಲಿ ಆಗ ಹತ್ತಿಪ್ಪತ್ತು ಮನೆಗಳಿದ್ದವು, ಸೇತುವೆ ಇರಲಿಲ್ಲ. ಬೇಸಗೆಯಲ್ಲಿ ದೋಣಿ ಸಾಕು. ಮಳೆಗಾಲದಲ್ಲಿ ರಸ್ತೆಯ ಕೊನೆಯಿಂದ ಹೊಳೆಯ ಅಂಚಿನವರೆಗೆ ಗದ್ದೆಗಳೆಲ್ಲ ಮೊಣಕಾಲುದ್ದದ ಕೆಸರಾಗುತ್ತಿದ್ದವು. ಜೀಪು ಹೂತುಹೋಗುತ್ತಿತ್ತು, ದೋಣಿಗೆ ಆಳ ಸಾಲುತ್ತಿರಲಿಲ್ಲ. ಕೆಸರಿನಲ್ಲಿ ಉರುಳಿ, ನೀರಿನಲ್ಲಿ ತೇಲಿ, ಮತ್ತೆ ಕೆಸರು ಹತ್ತಬಲ್ಲ ಬಂಡಿಗೆ ಮಾತ್ರ ಅಲ್ಲಿ ದಾರಿ. ಆ ಭಾಗದ ಆರೋಗ್ಯ ಕೇಂದ್ರದ ನರ್ಸ್ 1982ರ ಮಳೆಗಾಲದಲ್ಲಿ ಒಂದು ಹೆರಿಗೆಗೆಂದು ಹೊರಟು, ಒಂದೂವರೆ ದಿನ ಈಚೆ ದಡದಲ್ಲೇ ಕೊಡೆ ಹಿಡಿದು ಕಾದಿದ್ದರು. ತಾಯಿ ಉಳಿದಳು. ಮಗು ಉಳಿಯಲಿಲ್ಲ.

ಮಣಿಪಾಲದಲ್ಲಿ ನಾನು ಯಂತ್ರಶಾಸ್ತ್ರದ ಪಾಠ ಹೇಳುತ್ತಿದ್ದೆ. ಸೈನ್ಯದವರು ಹರಾಜು ಹಾಕಿದ್ದ ಹಳೆಯ ಜೀಪೊಂದು ನಮ್ಮ ವರ್ಕ್‌ಶಾಪಿನಲ್ಲಿ ಬಿಚ್ಚಿ ಜೋಡಿಸುವ ಅಭ್ಯಾಸಕ್ಕೆಂದು ಬಿದ್ದಿತ್ತು. ಅದಕ್ಕೆ ದೋಣಿಯ ಒಡಲು ಕಟ್ಟಿ ಕುದ್ರುವಿಗೆ ಕೊಡೋಣವೆಂದು ನಾನೇ ಅರ್ಜಿ ಬರೆದೆ. ವಿಭಾಗದ ಮುಖ್ಯಸ್ಥರು ಒಂದು ಷರತ್ತಿನ ಮೇಲೆ ಒಪ್ಪಿದರು: ಗದ್ದೆ, ಹೊಳೆ, ಗದ್ದೆ, ಹೋಗಿ ಬರುವುದೆಲ್ಲ ಸೇರಿ ನಲವತ್ತು ನಿಮಿಷ ನಿಲ್ಲದೆ ಓಡಬೇಕು, ಅದೂ ಮೇ ತಿಂಗಳು ಮುಗಿಯುವುದರೊಳಗೆ. ಇಲ್ಲವಾದರೆ ಒಡಲನ್ನು ಕಳಚಿ ಜೀಪನ್ನು ಪಾಠಕ್ಕೆ ಹಿಂದಿರುಗಿಸಬೇಕು. ಷರತ್ತಿನಲ್ಲಿ ತಪ್ಪೇನೂ ಇರಲಿಲ್ಲ. ಹೊಳೆಯ ನಡುವೆ ನಿಂತುಹೋಗುವ ಬಂಡಿ ಬಂಡಿಯೇ ಇಲ್ಲದ್ದಕ್ಕಿಂತ ಕೆಟ್ಟದ್ದು.

ಒಡಲು ಕಟ್ಟಿದವರು ಎರ್ಮಾಳಿನ ಮೀನುಗಾರ ಮನೆತನದ ಒಬ್ಬ ಮೇಸ್ತ್ರಿ. ಮಲ್ಪೆಯಲ್ಲಿ ಟ್ರಾಲರ್ ದೋಣಿ ಕಟ್ಟುವ ಕೆಲಸ ಅವರದು. ನನಗಿಂತ ಹದಿನೈದು ವರ್ಷ ಹಿರಿಯರು. ಜೀಪಿನ ಸುತ್ತ ಒಂದು ಸುತ್ತು ಹಾಕಿ, ಟಯರಿಗೆ ಕಾಲಿನಿಂದ ತಟ್ಟಿ, ಅವರು ಆಡಿದ ಮೊದಲ ಮಾತು ನನಗೆ ಚೆನ್ನಾಗಿ ನೆನಪಿದೆ. ಅದಕ್ಕೆ ಬೇರೆ ಸಾಕ್ಷ್ಯವಿಲ್ಲ.

“ಎಂತ ಸರ್ ಇದು? ಚಕ್ರ ಇರುವ ದೋಣಿಯೋ, ಮುಳುಗ್ಲಿಕ್ಕೆ ಹೊರಟ ಜೀಪೋ?”

“ಎರಡೂ ಹೌದು ಮೇಸ್ತ್ರಿಯವರೆ. ಮುಳುಗದ ಹಾಗೆ ಮಾಡುವುದು ನಿಮ್ಮ ಕೆಲಸ.”

“ನನ್ನ ಕೆಲಸ ನನಗೆ ಗೊತ್ತುಂಟು. ಬೇಯದ ಹಾಗೆ ಮಾಡುವುದು ನಿಮ್ಮ ಕೆಲಸ, ಅಲ್ವಾ?”

ಅವರು ತಮಾಷೆಗೆ ಹೇಳಿದ್ದು ಮುಂದಿನ ಮೂರು ತಿಂಗಳ ನನ್ನ ಬದುಕಾಯಿತು. ನೆಲದ ಮೇಲೆ ಓಡುವ ಜೀಪಿನಲ್ಲಿ ರೇಡಿಯೇಟರನ್ನು ಹಾದು ಬಿಸಿಯಾದ ಗಾಳಿ ಎಂಜಿನ್ನಿನ ಕೆಳಗಿನಿಂದ ರಸ್ತೆಗೆ ಇಳಿದುಹೋಗುತ್ತದೆ. ದೋಣಿಗೆ ಆ ‘ಕೆಳಗೆ’ ಎಂಬುದೇ ಇಲ್ಲ. ಅಲ್ಲಿರುವುದು ಹಲಗೆ, ಹಲಗೆಯಾಚೆ ನೀರು. ಮುಂಭಾಗದ ಮೇಲ್ಮುಚ್ಚಳದ ಜಾಲರಿಯಿಂದ ಗಾಳಿ ಒಳಬರಬೇಕು, ರೇಡಿಯೇಟರನ್ನೂ ಎಂಜಿನ್ನನ್ನೂ ದಾಟಬೇಕು, ಎದುರು ಗಾಜಿನ ಬುಡದಲ್ಲಿ ಎಡಕ್ಕೊಂದು ಬಲಕ್ಕೊಂದು ಬಿಟ್ಟ ಬಾಯಿಗಳಿಂದ ಹೊರಹೋಗಬೇಕು. ಕಾಗದದ ಮೇಲೆ ನಾನು ಬರೆದುಕೊಟ್ಟ ನಕ್ಷೆ ಅಷ್ಟೇ. ಕಾಗದದ ಮೇಲೆ ಅದು ಕುದಿಯಲೂ ಇಲ್ಲ.

ಮೊದಲು ನಾನು ಎಂಜಿನ್ನಿನಿಂದ ಸುಟ್ಟ ಹೊಗೆಯನ್ನು ಹೊರಗೊಯ್ಯುವ ಕೊಳವೆಯನ್ನು ಸಂಶಯಿಸಿದೆ. ಕೆಂಪಗೆ ಕಾಯುವ ಆ ಕಬ್ಬಿಣ ಮುಚ್ಚಿದ ಕೋಣೆಯೊಳಗೆ ಒಲೆಯಂತೆ ಕೂತಿತ್ತು. ಅದಕ್ಕೆ ಕಲ್ನಾರಿನ ಹಗ್ಗ ಸುತ್ತಿದೆ. ಕಲ್ನಾರಿನ ಪುಡಿ ಶ್ವಾಸಕೋಶಕ್ಕೆ ಏನು ಮಾಡುತ್ತದೆಂದು ತಿಳಿದ ಇಂದು ಅದನ್ನು ಕೈಯಿಂದಲೂ ಮುಟ್ಟುತ್ತಿರಲಿಲ್ಲ. ಮಾರ್ಚ್ 19ರ ನಮೂದು: ಹದಿನೇಳು ನಿಮಿಷ. ಅನಂತರ ಕೊಳವೆಗೂ ಎಂಜಿನ್ ಕೋಣೆಯ ಗೋಡೆಗೂ ನಡುವೆ ಎರಡು ಪದರದ ತಗಡಿನ ಮರೆ ಮಾಡಿಸಿದೆ. ಪದರಗಳ ನಡುವೆ ಒಂದು ಬೆರಳಿನಷ್ಟು ಗಾಳಿಯ ಸಂದು. ಕಾರ್ಕಳದ ಕಲ್ಲುಕೋರೆಯೊಂದರಲ್ಲಿ ಕಂಪ್ರೆಸರ್ ಯಂತ್ರಗಳ ತಗಡು ಕೆಲಸ ಮಾಡುತ್ತಿದ್ದವರೊಬ್ಬರು ಅದನ್ನು ಬಡಿದುಕೊಟ್ಟರು. ಅವರಿಂದ ಬಂದ ಕಾರ್ಡಿನಲ್ಲಿ ದಿನಾಂಕವಿಲ್ಲ, ‘ಸಾಮಾನು ತಯಾರುಂಟು’ ಎಂದಷ್ಟೇ ಇದೆ. ಅಂಚೆ ಮುದ್ರೆಯಲ್ಲಿ ಮಾರ್ಚ್ 24 ಎಂದು ಓದಬಹುದು. ಆ ತಗಡನ್ನು ಬಸ್ಸಿನ ಮೇಲೆ ಕಟ್ಟಿಸಿ, ಉಡುಪಿಯವರೆಗೂ ಅದರ ಗಡಗಡ ಸದ್ದು ಕೇಳುತ್ತ, ಅದು ಬೀಳಲಿಲ್ಲವೆಂಬುದಕ್ಕೆ ಆ ಸದ್ದನ್ನೇ ಪುರಾವೆಯಾಗಿ ಹಿಡಿದು ಬಂದೆ.

ಏಪ್ರಿಲ್ 2: ಇಪ್ಪತ್ತೊಂದು ನಿಮಿಷ.

ಅಂದು ವಾಹನವನ್ನು ಮರಳಿನ ಮೇಲೆಳೆದು ಮುಚ್ಚಳ ತೆಗೆದು ಒಳಗೆ ಕೈಯಾಡಿಸುವಾಗ, ಗಾಜಿನ ಬುಡದ ಬಾಯಿಗಳಿರಬೇಕಾದಲ್ಲಿ ನನ್ನ ಬೆರಳಿಗೆ ನುಣುಪಾದ, ಗಟ್ಟಿಯಾದ ಏನೋ ಸಿಕ್ಕಿತು. ಎರಡೂ ಬಾಯಿಗಳಿಗೆ ಹಲಗೆ ಕೂರಿಸಿ, ಸಂದಿಗೆ ಹತ್ತಿ ತುಂಬಿ, ರಾಳ ಬಳಿದು, ಬಣ್ಣ ಕೂಡ ಹೊಡೆಯಲಾಗಿತ್ತು. ಅಷ್ಟು ಅಚ್ಚುಕಟ್ಟಾದ ಕೆಲಸವನ್ನು ನಾನು ಕಂಡದ್ದು ಕಡಿಮೆ. ಹಾಗಾಗಿಯೇ ಮೂರು ವಾರ ಅದು ನನ್ನ ಕಣ್ಣಿಗೆ ಬೀಳಲಿಲ್ಲ.

“ಮೇಸ್ತ್ರಿಯವರೆ, ಇದನ್ನು ಯಾರು ಮುಚ್ಚಿದರು?”

“ನಾನೇ. ಮತ್ತೆ ಯಾರು?”

“ಇದು ಗಾಳಿ ಹೋಗುವ ದಾರಿ. ನಕ್ಷೆಯಲ್ಲಿ ಬರೆದಿದ್ದೆನಲ್ಲ!”

“ನಕ್ಷೆಯಲ್ಲಿ ನೀವು ತಪ್ಪಿ ಗೀಟು ಎಳೆದದ್ದು ಅಂತ ನಾನು ಗ್ರಹಿಸಿದ್ದು. ಸರ್, ನಮ್ಮ ಅಜ್ಜನ ಕಾಲದಿಂದ ದೋಣಿ ಕಟ್ತೇವೆ. ಓಟೆ ಇಟ್ಟು ದೋಣಿ ನೀರಿಗೆ ಇಳಿಸಿದ ಅಂತ ಗೊತ್ತಾದ್ರೆ ಮಲ್ಪೆಯಲ್ಲಿ ನನಗೆ ಯಾರಾದ್ರೂ ಚಾ ಕೊಡ್ತಾರಾ?”

ನಾನು ದನಿ ಏರಿಸಿದೆ. ಏನೆಲ್ಲ ಅಂದೆನೆಂಬುದು ಪುಸ್ತಕದಲ್ಲಿಲ್ಲ. ಆದರೆ ಒಂದು ವಾಕ್ಯ ನೆನಪಿದೆ. “ಬಿಸಿ ಯಂತ್ರದ ಬಾಯಿ ಮುಚ್ಚುವವನು ಅದರ ಕತ್ತು ಹಿಸುಕುವವನು” ಎಂದೆ. ಮೇಸ್ತ್ರಿ ಉಳಿ ತೆಗೆದುಕೊಂಡು ತಾವೇ ಹಚ್ಚಿದ್ದ ಹಲಗೆಯನ್ನು ಕಿತ್ತರು. ನರ್ಸ್ ಪಕ್ಕದಲ್ಲೇ ಇದ್ದರು. ಕೆಲಸಕ್ಕೆ ಹೋಗುವ ಹಾದಿಯಲ್ಲಿ ಪ್ರತಿ ಪರೀಕ್ಷೆಗೂ ಬಂದು ನಿಲ್ಲುವುದು ಅವರ ರೂಢಿಯಾಗಿತ್ತು.

“ನೀವಿಬ್ಬರು ಜಗಳ ಮಾಡಿ, ಮಾಡಿ,” ಎಂದರು ಅವರು. “ಕುದ್ರುವಿನಲ್ಲಿ ಈಗ ಇಬ್ಬರು ಬಸುರಿಯರು ಇದ್ದಾರೆ. ಒಬ್ಬಳಿಗೆ ಜೂನ್ ಕೊನೆ, ಇನ್ನೊಬ್ಬಳಿಗೆ ಆಗಸ್ಟ್. ಅವರಿಗೆ ನಿಮ್ಮ ಜಗಳ ಮುಗಿಯುವ ತನಕ ಕಾಯ್ಲಿಕ್ಕೆ ಆಗುವುದಿಲ್ಲ ಮಾರಾಯ್ರೆ.”

ಆ ಸಂಜೆ ನಾನು ಪುಸ್ತಕದ ಒಳರಟ್ಟಿನಲ್ಲಿ ‘ಜೂನ್ ಕೊನೆ’ ಎಂದು ಬರೆದು ಕೆಳಗೆ ಗೆರೆ ಎಳೆದೆ. ಗೆರೆ ಇಂದಿಗೂ ಇದೆ.

ಬಾಯಿ ತೆರೆದ ಮೇಲೂ ಇಪ್ಪತ್ತನಾಲ್ಕು ನಿಮಿಷ ದಾಟಲಿಲ್ಲ. ಇದು ನನಗೆ ಅರ್ಥವಾಗದ ಘಟ್ಟ. ಫ್ಯಾನು ತಿರುಗುತ್ತಿತ್ತು, ನೀರು ಹರಿಯುತ್ತಿತ್ತು, ದಾರಿ ತೆರೆದಿತ್ತು. ಬಿಸಿ ಮಾತ್ರ ಏರುತ್ತಲೇ ಇತ್ತು. ದೊಡ್ಡ ರೇಡಿಯೇಟರು ತಂದು ಹಾಕೋಣವೆಂದರೆ ಜಾಗವಿಲ್ಲ. ಹತ್ತು ದಿನ ನಾನು ಪುಸ್ತಕಗಳನ್ನು ಓದಿದೆ, ಲೆಕ್ಕ ಮಾಡಿದೆ. ಲೆಕ್ಕಗಳ ಪ್ರಕಾರ ಎಲ್ಲವೂ ಸರಿಯಿತ್ತು.

ಏಪ್ರಿಲ್ 16, ಶನಿವಾರ. ತುಳುನಾಡಿನ ಯುಗಾದಿಯಾದ ಬಿಸು ಹಬ್ಬ ಕಳೆದಿತ್ತು. ಹೊಸ ವರ್ಷದಲ್ಲಿ ಮೊದಲ ಸಲ ನೀರಿಗಿಳಿಸುವ ಮುನ್ನ ದೋಣಿಗೆ ಪೂಜೆಯಾಗಬೇಕೆಂದು ಮೇಸ್ತ್ರಿ ಪಟ್ಟು ಹಿಡಿದರು. ಹಿಂದಿನ ಪರೀಕ್ಷೆಗಳಲ್ಲಿ ಪೂಜೆ ಮಾಡದಿದ್ದುದೇ ಸೋಲಿಗೆ ಕಾರಣವೆಂದೇನೂ ಅವರು ಹೇಳಲಿಲ್ಲ. ಹೇಳದ ರೀತಿ ಮಾತ್ರ ಸ್ಪಷ್ಟವಾಗಿತ್ತು. ಮೂತಿಗೆ ಶಂಕರಪುರದ ಮಲ್ಲಿಗೆಯ ಚೆಂಡು ಕಟ್ಟಿ, ಕುಂಕುಮ ಹಚ್ಚಿ, ಊದುಬತ್ತಿಯ ದೊಡ್ಡ ಕಟ್ಟೊಂದನ್ನು ಮೇಲ್ಮುಚ್ಚಳದ ಜಾಲರಿಯ ಕಂಡಿಗೆ ಸಿಕ್ಕಿಸಿದರು. ತೆಂಗಿನಕಾಯಿ ಒಡೆದು ನನಗೆ ಎಂಜಿನ್ ಚಾಲೂ ಮಾಡಲು ಸನ್ನೆ ಮಾಡಿದರು.

ಫ್ಯಾನು ಹೊಗೆಯನ್ನು ಒಳಗೆ ಎಳೆಯಿತು. ಅದು ಸರಿ. ಗಾಜಿನ ಬುಡದಿಂದ ಒಂದಿಷ್ಟು ಹೊಗೆ ಹೊರಬಂತು. ಅದೂ ಸರಿ.

“ಸರ್, ಇಲ್ಲಿ ನೋಡಿ,” ಎಂದರು ನರ್ಸ್, ಮೂತಿಯ ಬಳಿ ಬಗ್ಗಿ. “ಹೊಗೆ ಒಳಗೆ ಹೋದದ್ದು ಇಲ್ಲಿ ವಾಪಸ್ ಬರ್ತಾ ಉಂಟು.”

“ಗಾಳಿಗೆ ಹಾಗೆ ಕಾಣ್ತದೆ,” ಎಂದೆ.

“ಗಾಳಿ ಎಲ್ಲುಂಟು ಸರ್? ನನ್ನ ಸೆರಗು ಸಹ ಅಲ್ಲಾಡುವುದಿಲ್ಲ.”

ಬಗ್ಗಿ ನೋಡಿದೆ. ರೇಡಿಯೇಟರಿನ ಅಂಚಿಗೂ ಮರದ ಚೌಕಟ್ಟಿಗೂ ನಡುವೆ ಸುತ್ತಲೂ ಎರಡು ಬೆರಳಿನಷ್ಟು ಸಂದಿತ್ತು. ಎಂಜಿನ್ ಕೋಣೆಯಲ್ಲಿ ಕಾದ ಗಾಳಿ ಹಿಂದಕ್ಕೆ ಹೋಗುವ ಬದಲು ಹತ್ತಿರದ ಆ ಸಂದಿನಿಂದ ನುಸುಳಿ ರೇಡಿಯೇಟರಿನ ಮುಂದಕ್ಕೆ ಬರುತ್ತಿತ್ತು. ಫ್ಯಾನು ಅದನ್ನೇ ಮತ್ತೆ ಎಳೆಯುತ್ತಿತ್ತು. ತಣಿಸಬೇಕಾದ ಗಾಳಿ ಸುತ್ತಿ ಸುತ್ತಿ ತಾನೇ ಕಾಯುತ್ತಿತ್ತು. ನನ್ನ ಲೆಕ್ಕದಲ್ಲಿ ಒಳಬರುವ ಗಾಳಿಯ ಬಿಸಿ ಯಾವಾಗಲೂ ಹೊರಗಿನ ಗಾಳಿಯದೇ ಆಗಿತ್ತು. ಹಾಗಾಗಿ ಲೆಕ್ಕ ಸರಿಯಿತ್ತು, ಬಂಡಿ ಕುದಿಯುತ್ತಿತ್ತು.

ಮೇಸ್ತ್ರಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು.

“ಈಗ ಮುಚ್ಚಬಹುದಾ ಸರ್? ಅಲ್ಲ, ಕೇಳಿಯೇ ಮುಚ್ಚುವುದು ಒಳ್ಳೆಯದಲ್ವಾ. ಕತ್ತು ಹಿಸುಕಿದ ಹಾಗೆ ಆಗಬಾರದು.”

“ಇದನ್ನು ಮುಚ್ಚಿ ಮೇಸ್ತ್ರಿಯವರೆ. ಒಂದು ಕೂದಲು ಹೋಗದ ಹಾಗೆ.”

“ಕೂದಲು ಎಂತ, ನಿಮ್ಮ ನಕ್ಷೆ ಸಹ ಹೋಗದ ಹಾಗೆ ಮುಚ್ತೇನೆ.”

ನರ್ಸ್ ನಕ್ಕರು. ನಾನೂ ನಕ್ಕೆ, ಸ್ವಲ್ಪ ತಡವಾಗಿ.

ಮೇಸ್ತ್ರಿ ಆ ಸಂದನ್ನು ಹಳೆಯ ಟಯರ್ ಟ್ಯೂಬಿನ ರಬ್ಬರು ಮತ್ತು ತೆಂಗಿನ ನಾರಿನಿಂದ ತುಂಬಿದರು. ಎಂಜಿನ್ ನಡುಗಿದರೂ ಬಿಡದಂತೆ ರಬ್ಬರು, ಮೂಲೆಗಳಿಗೆ ನಾರು. ಗಾಜಿನ ಬುಡದ ತೆರೆದ ಬಾಯಿಗಳ ಮೇಲೆ, ಟ್ರಾಲರಿನ ಎಂಜಿನ್ ಕೋಣೆಗೆ ಇಡುವಂಥ ಬಾಗಿದ ಕತ್ತಿನ ತಗಡು ಕೊಳವೆಗಳನ್ನು ನಿಲ್ಲಿಸಿದರು. ಅವುಗಳ ಬಾಯಿ ಹಿಂದಕ್ಕೆ. ಎದುರಿನ ಅಲೆ ಹಾರಿದರೂ ನೀರು ಒಳಗಿಳಿಯದು, ಬಂಡಿ ಮುಂದೆ ಸಾಗುವಾಗ ಬಿಸಿಗಾಳಿ ತಾನಾಗಿ ಎಳೆದುಕೊಂಡು ಹೋಗುತ್ತದೆ. ಅದು ನನ್ನ ನಕ್ಷೆಯಲ್ಲಿ ಇರಲಿಲ್ಲ. ಆಮೇಲೆ ಸೇರಿಸಿದೆ.

ಮೇ 28, ಶನಿವಾರ. ಮುಖ್ಯಸ್ಥರು ಗಡಿಯಾರ ಹಿಡಿದು ದಡದಲ್ಲಿ ನಿಂತರು. ಗದ್ದೆಗೆ ಹೊಳೆಯ ನೀರು ಬಿಟ್ಟು ಕೆಸರು ಮಾಡಿಕೊಂಡಿದ್ದೆವು. ನಾನು ಚಕ್ರ ಹಿಡಿದೆ, ಮೇಸ್ತ್ರಿ ಹಿಂದೆ ಬಿದಿರಿನ ಜಲ್ಲೆ ಹಿಡಿದು ಕೂತರು, ನಾವು ಬೇಡವೆಂದರೂ ನರ್ಸ್ ಹತ್ತಿದರು. ಐದೈದು ನಿಮಿಷಕ್ಕೊಮ್ಮೆ ಬಿಸಿಯ ಅಳತೆ ಬರೆಯುವ ಕೆಲಸವನ್ನು ನಾನು ಬೇರೆಯವರಿಗೆ ಬಿಡುತ್ತಿರಲಿಲ್ಲ. ಪುಸ್ತಕ ತೊಡೆಯ ಮೇಲೆ, ಪೆನ್ಸಿಲು ಕಿವಿಯ ಮೇಲೆ. ಇಪ್ಪತ್ತೈದನೆಯ ನಿಮಿಷ ಎಂಬತ್ತೆಂಟು ಡಿಗ್ರಿ. ಮೂವತ್ತನೆಯದು ಎಂಬತ್ತೊಂಬತ್ತು. ಮೂವತ್ತೈದು, ಎಂಬತ್ತೊಂಬತ್ತು. ಮುಳ್ಳು ಅಲ್ಲಿಂದ ಕದಲಲಿಲ್ಲ. ನಲವತ್ತಮೂರನೆಯ ನಿಮಿಷಕ್ಕೆ ಬಂಡಿ ದಡ ಹತ್ತಿದಾಗ ಮುಖ್ಯಸ್ಥರು ರೇಡಿಯೇಟರಿನ ಮೇಲೆ ಕೈಯಿಟ್ಟು, ಸುಟ್ಟುಕೊಂಡು, ಕೈ ಕೊಡವುತ್ತ, “ಬಿಸಿ ಇದೆಯಲ್ಲ ಮಾರಾಯ!” ಎಂದರು.

“ಬಿಸಿ ಇರಬೇಕು ಸರ್. ಕುದಿಯಬಾರದು,” ಎಂದೆ.

ವಾಹನ ಕುದ್ರುವಿಗೆ ಸಂದಿತು.

ಇನ್ನು ಜೂನ್ 29, ಬುಧವಾರ. ಇದನ್ನು ಮೊದಲು ನನ್ನ ನೆನಪಿನಂತೆ ಬರೆಯುತ್ತೇನೆ. ನಲವತ್ತು ವರ್ಷ ಹೀಗೆಯೇ ಹೇಳಿಕೊಂಡು ಬಂದಿದ್ದೇನೆ.

ಬೆಳಿಗ್ಗೆ ಒಂಬತ್ತಕ್ಕೆ ಸುದ್ದಿ ಬಂತು: ಜೂನ್ ಕೊನೆಯ ಬಸುರಿಗೆ ನೋವು ಶುರುವಾಗಿದೆ. ಹೊಳೆ ಕೆಂಪಗೆ ಉಕ್ಕಿತ್ತು. ಬಂಡಿಯನ್ನು ನಡೆಸಲು ಅಲ್ಲಿಯವರಿಗೆ ಇನ್ನೂ ಪೂರ್ಣ ಅಭ್ಯಾಸವಾಗಿರಲಿಲ್ಲ. ನಾನೇ ಚಕ್ರ ಹಿಡಿದೆ, ಮೇಸ್ತ್ರಿ ಜಲ್ಲೆ ಹಿಡಿದರು, ನರ್ಸ್ ಔಷಧಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡರು. ಪಶ್ಚಿಮದಿಂದ ಬೀಸುವ ಮಳೆ ನಮ್ಮ ಬೆನ್ನಿಗೆ ಹೊಡೆಯುತ್ತಿತ್ತು. ಪೆಟ್ಟಿಗೆ ನೆನೆಯಬಾರದೆಂದು ನನ್ನ ಮಳೆಕೋಟು ಬಿಚ್ಚಿ ಅದರ ಮೇಲೆ ಹೊದಿಸಿದೆ. ಬಂಡಿ ಒಂದೇ ಸಮನೆ ಸಾಗಿತು, ಎಲ್ಲಿಯೂ ನಿಲ್ಲಲಿಲ್ಲ. ನನ್ನ ಪುಸ್ತಕದಲ್ಲಿ ಅಂದಿನ ಅಳತೆಗಳಿವೆ. ಹತ್ತು ಹತ್ತಕ್ಕೆ ಎಂಬತ್ತನಾಲ್ಕು, ಹತ್ತು ಹದಿನೈದಕ್ಕೆ ಎಂಬತ್ತೆಂಟು, ಹತ್ತು ಇಪ್ಪತ್ತಕ್ಕೆ ತೊಂಬತ್ತಮೂರು; ಅನಂತರ ಹತ್ತು ನಲವತ್ತಕ್ಕೆ ಎಂಬತ್ತೆರಡು. ನಡುವಣ ಮೂರು ಸಾಲು ಖಾಲಿ, ಮಳೆಗೆ ಕಾಗದ ಒದ್ದೆಯಾಗಿ ಪೆನ್ಸಿಲು ಹತ್ತಲಿಲ್ಲವಾದ್ದರಿಂದ. ಬಿಸಿ ಇಳಿದದ್ದು ಮಳೆಯ ತಂಪಿಗೆ. ಕುದ್ರುವಿನಲ್ಲಿ ಹೆಣ್ಣು ಮಗು ಹುಟ್ಟಿತು.

ಈ ಬರಹಕ್ಕಾಗಿ ದಿನಾಂಕಗಳನ್ನು ಒಂದೊಂದಾಗಿ ತಾಳೆ ನೋಡುತ್ತ, ಹೆರಿಗೆಯ ಹೊತ್ತು ತಿಳಿಯಲೆಂದು ಕಳೆದ ತಿಂಗಳು ಕಾರ್ಕಳಕ್ಕೆ ಹೋದೆ. ನಿವೃತ್ತರಾದ ನರ್ಸ್ ಅಲ್ಲಿ ಮಗಳ ಮನೆಯ ಹತ್ತಿರವೇ ಇದ್ದಾರೆ. ಇಲಾಖೆಗೆ ಒಪ್ಪಿಸುತ್ತಿದ್ದ ಪ್ರವಾಸ ದಿನಚರಿಯ ಸ್ವಂತ ಪ್ರತಿಗಳನ್ನು ವರ್ಷವಾರು ಕಟ್ಟಿ ಇಟ್ಟಿದ್ದರು. 1983ರ ಕಟ್ಟನ್ನು ಬಿಚ್ಚಿ ನನ್ನ ಮುಂದಿಟ್ಟು, “ನೀವೇ ಓದಿ ಸರ್, ನನ್ನ ಕನ್ನಡಕ ಒಳಗೆ ಉಂಟು,” ಎಂದರು. ಕನ್ನಡಕ ಅವರ ಕತ್ತಿನಲ್ಲೇ ನೇತಾಡುತ್ತಿತ್ತು.

ಜೂನ್ 29ರ ನಮೂದನ್ನು ಇದ್ದ ಹಾಗೆ ನಕಲು ಮಾಡಿಕೊಂಡೆ:

‘10.10 ಹೊಳೆಗೆ ಇಳಿದೆವು. ಹಿಂದಿನಿಂದ ಮಳೆ. ನೀರು ಎಂಜಿನ್ನಿಗೆ ಹೋದೀತೆಂದು ಸರ್ ತಮ್ಮ ಮಳೆಕೋಟಿನಿಂದ ಗಾಳಿಯ ಎರಡೂ ಕೊಳವೆ ಮುಚ್ಚಿದರು. 10.22 ಬಂಡಿ ನಡುಹೊಳೆಯಲ್ಲಿ ನಿಂತಿತು. ಬಿಸಿಗೆ ಪೆಟ್ರೋಲ್ ಕೊಳವೆಯಲ್ಲೇ ಆವಿಯಾಯಿತಂತೆ. ಮೇಸ್ತ್ರಿ ಜಲ್ಲೆ ಊರಿ ಬಂಡಿ ಹಿಡಿದರು, ಕೋಟು ತೆಗೆದರು. ಬ್ಯಾಂಡೇಜು ಬಟ್ಟೆ ಹೊಳೆನೀರಿನಲ್ಲಿ ಅದ್ದಿ ಪೆಟ್ರೋಲ್ ಎಳೆಯುವ ಪಂಪಿಗೆ ಸುತ್ತಿದೆವು. 10.36 ಚಾಲೂ. 10.45 ಕುದ್ರು. 11.50 ಹೆರಿಗೆ, ಹೆಣ್ಣು. ತಾಯಿ ಮಗು ಕ್ಷೇಮ. ಪೆಟ್ಟಿಗೆ ನೆನೆದು ಒಂದು ಕಟ್ಟು ಹತ್ತಿ ಹಾಳು.’

“ಮೇಸ್ತ್ರಿ ನಿಮಗೆ ಏನೂ ಹೇಳಲಿಲ್ಲವಾ?” ಎಂದು ಕೇಳಿದರು ಅವರು.

ಇಲ್ಲ. ಮೇಸ್ತ್ರಿ ಅದಾದ ಮೇಲೆ ಹನ್ನೆರಡು ವರ್ಷ ಬದುಕಿದ್ದರು. ನಾನು ಈ ಕಥೆಯನ್ನು ಬೇರೆಯವರಿಗೆ ಹೇಳುವಾಗ ಎಷ್ಟೋ ಸಲ ಪಕ್ಕದಲ್ಲೇ ಕೂತು ಕೇಳಿದ್ದರು, ತಲೆಯಾಡಿಸಿದ್ದರು. ಒಮ್ಮೆಯೂ ಆ ಕೋಟಿನ ಮಾತನ್ನೆತ್ತಲಿಲ್ಲ.

ಮನೆಗೆ ಬಂದು ನೀಲಿ ರಟ್ಟಿನ ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಹತ್ತು ಇಪ್ಪತ್ತೈದು, ಮೂವತ್ತು, ಮೂವತ್ತೈದು: ಹೊತ್ತುಗಳನ್ನು ಮುಂಚಿತವಾಗಿಯೇ ಬರೆದಿಟ್ಟಿದ್ದೇನೆ, ಎದುರಿನ ಮೂರು ಸಾಲು ಖಾಲಿ. ಕಾಗದದ ಮೇಲೆ ನೀರಿನ ಕಲೆ ಎಲ್ಲಿಯೂ ಇಲ್ಲ.